ನೊಂದವರ ಕತೆ ಯಾರ ಸೊತ್ತು?

ಇಂದು ಯಾವ ಜನಜಾಗೃತಿ ಆಂದೋಲನವೂ ಒಂದು ಮುಖವಿಲ್ಲದೆ ಆರಂಭವಾಗುವುದಿಲ್ಲ. ಮಾದಕ ವ್ಯಸನದ ವಿರುದ್ಧ ಜಾಥಾ ಹೊರಟರೆ ಅದರ ಮುಂದೆ ವ್ಯಸನದಿಂದ ಪಾರಾಗಿ ಬಂದ ಯುವಕನೊಬ್ಬ ಬೇಕು. ಕೌಟುಂಬಿಕ ಹಿಂಸೆಯ ಬಗ್ಗೆ ವಿಚಾರಸಂಕಿರಣ ಏರ್ಪಟ್ಟರೆ ವೇದಿಕೆಯ ಮೇಲೆ ಪೆಟ್ಟು ತಿಂದ ಗೃಹಿಣಿಯೊಬ್ಬಳು ಬೇಕು. ಕ್ಯಾನ್ಸರ್ ಚಿಕಿತ್ಸೆಗೆ ನಿಧಿ ಸಂಗ್ರಹವಾಗಬೇಕಾದರೆ ಕೂದಲು ಉದುರಿದ ಮಗುವಿನ ಭಾವಚಿತ್ರ ಬೇಕು. ಅಂಕಿ ಅಂಶಗಳು ಯಾರ ಕಣ್ಣನ್ನೂ ತೇವಗೊಳಿಸವು. ಒಬ್ಬ ತಾಯಿಯ ಕಣ್ಣೀರು ಮಾತ್ರ ಸಾವಿರ ಜನರ ಕೈಯನ್ನು ಜೇಬಿಗೆ ಕೊಂಡೊಯ್ಯುತ್ತದೆ. ಪ್ರಚಾರ ಕಾರ್ಯದಲ್ಲಿ ತೊಡಗಿರುವವರೆಲ್ಲರೂ ಕಂಡುಕೊಂಡಿರುವ ಸತ್ಯವಿದು.

ಈ ಸತ್ಯದ ಬಗ್ಗೆ ತಕರಾರಿಲ್ಲ. ಆದರೆ ಸಭೆ ಮುಗಿದು, ಶಾಮಿಯಾನ ಬಿಚ್ಚಿ, ಧ್ವನಿವರ್ಧಕದವನು ತನ್ನ ಸಾಮಾನುಗಳನ್ನು ಹೇರಿಕೊಂಡು ಹೋದ ಮೇಲೆ ಆ ಗೃಹಿಣಿ ಯಾವ ಮನೆಗೆ ಮರಳುತ್ತಾಳೆ? ಆ ಮಗು ಗುಣಮುಖವಾಗಿ ಬೆಳೆದು ಕಾಲೇಜಿಗೆ ಹೋಗುವಾಗ ಅದರ ಹಳೆಯ ಭಾವಚಿತ್ರ ಯಾರ ಯಾರ ಕೈಯಲ್ಲಿರುತ್ತದೆ? ನೊಂದವರ ಕತೆಯನ್ನು ಹೇಳುವ ಹಕ್ಕು ಯಾರದು, ಎಷ್ಟರ ಮಟ್ಟಿಗೆ, ಯಾವ ಷರತ್ತಿನ ಮೇಲೆ? ಸ್ವಯಂಸೇವಾ ಸಂಸ್ಥೆಗಳು, ಪತ್ರಿಕೆಗಳು, ದೂರದರ್ಶನ ವಾಹಿನಿಗಳು ಮಾತ್ರವಲ್ಲ, ಮೊಬೈಲ್ ಫೋನ್ ಕೈಯಲ್ಲಿರುವ ಪ್ರತಿಯೊಂದು ಕುಟುಂಬವೂ ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಕಾಲ ಬಂದಿದೆ.

ನೆರೆಯಲ್ಲೇ ಇರುವ ಉದಾಹರಣೆ

ಉದಾಹರಣೆಗಾಗಿ ಬಹಳ ದೂರ ಹೋಗಬೇಕಾಗಿಲ್ಲ. ಕಾಸರಗೋಡು ಜಿಲ್ಲೆಯ ತನ್ನ ಗೇರು ತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದ ವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಿತು. ಗಡಿಯ ಈಚೆಗೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಪರಿಸರದ ಸರಕಾರಿ ಗೇರು ತೋಟಗಳ ಮೇಲೂ ಅದೇ ವಿಷ ಬಿತ್ತು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು ಒಂದು ಸಣ್ಣ ಊರಿನಲ್ಲಿ ಬುದ್ಧಿಮಾಂದ್ಯತೆ, ಅಂಗವೈಕಲ್ಯ, ಅಪಸ್ಮಾರ, ಕ್ಯಾನ್ಸರ್‌ಗಳು ಇಷ್ಟೊಂದು ಸಂಖ್ಯೆಯಲ್ಲಿ ಏಕೆ ಕಾಣಿಸಿಕೊಳ್ಳುತ್ತಿವೆ ಎಂದು ಮೊದಲಾಗಿ ಪ್ರಶ್ನಿಸಿದವರು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆಯವರು ಈ ವಿಷಯವಾಗಿ ಬರೆದರು. ಆದರೂ ವರ್ಷಗಟ್ಟಲೆ ಅಧಿಕಾರಸ್ಥರ ಕಿವಿ ತೆರೆಯಲಿಲ್ಲ.

ಕಿವಿ ತೆರೆಸಿದ್ದು ಛಾಯಾಚಿತ್ರಗಳು. ದೇಹಕ್ಕಿಂತ ತಲೆಯೇ ದೊಡ್ಡದಾಗಿ ಬೆಳೆದ ಮಕ್ಕಳು, ಬಾಗಿದ ಕೈಕಾಲುಗಳು, ಹಾಸಿಗೆಯಿಂದ ಏಳಲಾರದ ಮಗಳನ್ನು ಮಡಿಲಲ್ಲಿ ಹೊತ್ತ ತಾಯಂದಿರು. ಈ ಚಿತ್ರಗಳು ಪತ್ರಿಕೆಗಳ ಮುಖಪುಟಗಳಲ್ಲಿ, ಭಿತ್ತಿಪತ್ರಗಳಲ್ಲಿ, ವಿದೇಶದ ಸಮ್ಮೇಳನಗಳಲ್ಲಿ ಕಾಣಿಸಿಕೊಂಡವು. ಪರಿಣಾಮವಾಗಲಿಲ್ಲ ಎನ್ನುವಂತಿಲ್ಲ. 2010ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನಿಷೇಧಕ್ಕೂ ಪರಿಹಾರಕ್ಕೂ ಶಿಫಾರಸು ಮಾಡಿತು. 2011ರ ಏಪ್ರಿಲ್ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳು ಈ ರಾಸಾಯನಿಕವನ್ನು ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು. ನೊಂದವರ ಮುಖ ಲೋಕದ ಕಣ್ಣಿಗೆ ಬೀಳದಿದ್ದರೆ ಇಷ್ಟಾದರೂ ಆಗುತ್ತಿತ್ತೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಅದೇ ಇತಿಹಾಸದ ಮತ್ತೊಂದು ಪುಟವನ್ನೂ ಓದಬೇಕು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಪಾವತಿಸಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷಗಳ ಅನಂತರ, 2022ರ ಮೇ ತಿಂಗಳಲ್ಲಿ, ಅದೇ ನ್ಯಾಯಾಲಯದ ಮುಂದೆ ಬಂದ ಲೆಕ್ಕದ ಪ್ರಕಾರ 3,704 ಸಂತ್ರಸ್ತರ ಪೈಕಿ ಆ ಹಣ ಮುಟ್ಟಿದ್ದು ಎಂಟು ಮಂದಿಗೆ. ಅವರು ನ್ಯಾಯಾಂಗ ನಿಂದನೆಯ ದೂರು ಹಿಡಿದು ಮತ್ತೆ ಬಾಗಿಲು ತಟ್ಟಿದವರು. ನ್ಯಾಯಾಲಯ ಕಟುವಾಗಿ ಛೀಮಾರಿ ಹಾಕಿದ ಬಳಿಕವಷ್ಟೇ ಪಾವತಿಗೆ ವೇಗ ಬಂತು. ಲೋಕವೆಲ್ಲ ನೋಡಿದ ಮುಖಗಳಿಗೆ ಸಲ್ಲಬೇಕಾದ್ದು ಸಲ್ಲಲು ಇಷ್ಟು ಕಾಲ ಬೇಕಾಯಿತು. ಚಿತ್ರ ಜಿನೀವಾಕ್ಕೆ ತಲಪಿದಷ್ಟು ಬೇಗನೆ ಪರಿಹಾರ ಪಡ್ರೆಗೆ ತಲಪಲಿಲ್ಲ.

ಇಲ್ಲಿಯೇ ನಮ್ಮ ವಿಚಾರದ ಮೂಲವಿದೆ. ನೊಂದವರ ಕತೆಯಿಂದ ಆಂದೋಲನಕ್ಕೆ ಗೆಲುವಾಗಬಹುದು, ಕಾನೂನು ಬದಲಾಗಬಹುದು, ಸಂಸ್ಥೆಗೆ ಹೆಸರು ಬರಬಹುದು, ಛಾಯಾಗ್ರಾಹಕನಿಗೆ ಪ್ರಶಸ್ತಿ ದೊರೆಯಬಹುದು. ಆ ಕತೆಯ ಒಡೆಯನಿಗೆ ಏನು ದೊರೆಯಿತು ಎಂಬುದನ್ನು ಕೊನೆಯಲ್ಲಿ ಯಾರೂ ಕೇಳದೆ ಹೋದರೆ, ಅಲ್ಲಿ ನಡೆದದ್ದು ಸಾಲ. ಅದೂ ಮರುಪಾವತಿಯಾಗದ ಸಾಲ.

ತೋರಿಸುವ ಕೈ ಯಾರದು?

2019ರ ಜನವರಿ ಕೊನೆಯಲ್ಲಿ ಕಾಸರಗೋಡಿನ ತಾಯಂದಿರು ತಮ್ಮ ಮಕ್ಕಳನ್ನು ಹೊತ್ತುಕೊಂಡು ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟಿನ ಮುಂದೆ ಉಪವಾಸ ಕುಳಿತರು. ಆಗ ಅಧಿಕಾರದಲ್ಲಿದ್ದವರ ಕಡೆಯಿಂದಲೇ ಒಂದು ಆಕ್ಷೇಪ ಬಂತು: ಅಸ್ವಸ್ಥ ಮಕ್ಕಳನ್ನು ಹೀಗೆ ಪ್ರದರ್ಶನಕ್ಕಿಡುವುದು ಸರಿಯೇ? ಮೇಲ್ನೋಟಕ್ಕೆ ಇದು ನೈತಿಕವಾದ ಪ್ರಶ್ನೆಯಂತೆ ತೋರುತ್ತದೆ. ಮಗುವಿನ ಮಾನವನ್ನು ಕಾಪಾಡಬೇಕೆಂದು ನಾವೂ ಹೇಳುತ್ತಿದ್ದೇವಲ್ಲವೇ?

ಆದರೆ ಎರಡಕ್ಕೂ ವ್ಯತ್ಯಾಸವಿದೆ. ಆ ತಾಯಂದಿರು ಹಗಲಿರುಳು ಆ ಮಕ್ಕಳ ಉಪಚಾರ ಮಾಡುತ್ತಿದ್ದವರು. ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದೆ ಜತೆಗೆ ಕರೆತಂದವರು. ಕೇಳುತ್ತಿದ್ದುದು ಅದೇ ಮಗುವಿನ ಔಷಧಿಯನ್ನು, ಅದೇ ಮಗುವಿನ ಪಿಂಚಣಿಯನ್ನು. ತೋರಿಸುವ ಕೈಯೂ ಸಾಕುವ ಕೈಯೂ ಅಲ್ಲಿ ಒಂದೇ ಆಗಿತ್ತು. ಹೊರಗಿನಿಂದ ಬಂದವನು ಅರ್ಧ ಗಂಟೆ ಆ ಮನೆಯಲ್ಲಿದ್ದು, ಚಿತ್ರ ತೆಗೆದುಕೊಂಡು ಹೋಗಿ, ಅದನ್ನು ಬೇರೊಂದು ಊರಿನಲ್ಲಿ ಬೇರೊಂದು ಉದ್ದೇಶಕ್ಕೆ ಬಳಸುವುದು ಬೇರೆಯೇ ಮಾತು. ಆತನ ಉದ್ದೇಶ ಎಷ್ಟೇ ಪವಿತ್ರವಾಗಿರಲಿ, ಆ ಮಗುವಿನೊಂದಿಗೆ ಆತನಿಗೆ ಋಣಸಂಬಂಧವಿಲ್ಲದಿದ್ದರೆ ಆ ಚಿತ್ರ ಕೇವಲ ಸರಕು. ಮತ್ತೊಂದು ಮಾತನ್ನೂ ಹೇಳಬೇಕು. ಕೊಡಬೇಕಾದ್ದನ್ನು ಕೊಡದೆ ಉಳಿಸಿಕೊಂಡವರು, ಕೇಳಲು ಬಂದವರಿಗೆ ಮರ್ಯಾದೆಯ ಪಾಠ ಹೇಳುವುದು ಮರ್ಯಾದೆಯಲ್ಲ. ನೊಂದವರ ಗೌರವ ಎಂಬ ಮಾತು ಅವರ ಬಾಯಿ ಮುಚ್ಚಿಸುವ ಬಟ್ಟೆಯಾಗಬಾರದು.

ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ವಿವೇಚನೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಜರ್ಮನಿಯ ಚಿಂತಕ ಇಮ್ಯಾನುವೆಲ್ ಕಾಂಟ್ 1785ರಲ್ಲಿ ನೀತಿಯ ಬುನಾದಿಯನ್ನು ಕುರಿತು ಬರೆದಾಗ, ಮನುಷ್ಯನನ್ನು ಎಂದೂ ಕೇವಲ ಸಾಧನವನ್ನಾಗಿ ಕಾಣಬಾರದು, ಆತ ತಾನೇ ಒಂದು ಗುರಿ ಎಂಬ ತತ್ತ್ವವನ್ನು ಮುಂದಿಟ್ಟನು. ಇಲ್ಲಿ ‘ಕೇವಲ’ ಎಂಬ ಪದಕ್ಕೆ ತೂಕವಿದೆ. ನಾವು ಒಬ್ಬರಿಂದೊಬ್ಬರು ಉಪಯೋಗ ಪಡೆಯದೆ ಬದುಕಲಾರೆವು. ಬಸ್ಸಿನ ಚಾಲಕನಿಂದ ನಮಗೆ ಪ್ರಯಾಣ, ನಮ್ಮಿಂದ ಆತನಿಗೆ ಸಂಬಳ. ಅದರಲ್ಲಿ ದೋಷವಿಲ್ಲ, ಏಕೆಂದರೆ ಆತನಿಗೆ ತಿಳಿದಿದೆ, ಆತ ಒಪ್ಪಿದ್ದಾನೆ, ಬೇಡವೆಂದರೆ ಬಿಡಬಲ್ಲ. ನೊಂದವನೊಬ್ಬ ತನ್ನ ಕತೆಯನ್ನು ಆಂದೋಲನಕ್ಕೆ ಕೊಡುವಾಗಲೂ ಇದೇ ಮೂರು ಷರತ್ತುಗಳು ಅನ್ವಯಿಸಬೇಕು. ಕತೆ ಎಲ್ಲೆಲ್ಲಿ ಹೋಗುತ್ತದೆಂದು ಆತನಿಗೆ ತಿಳಿದಿರಬೇಕು. ಆತ ಮನಃಪೂರ್ವಕ ಒಪ್ಪಿರಬೇಕು. ನಾಳೆ ಬೇಡವೆನಿಸಿದರೆ ಹಿಂದಕ್ಕೆ ಪಡೆಯಲು ಸಾಧ್ಯವಿರಬೇಕು.

ಎರಡನೆಯ ಷರತ್ತಿನಲ್ಲೇ ನಾವು ಹೆಚ್ಚಾಗಿ ಎಡವುತ್ತೇವೆ. ಅಕ್ಕಿ, ಔಷಧಿ, ಮಕ್ಕಳ ಶುಲ್ಕ ಕೊಡುವ ಸಂಸ್ಥೆಯೇ ‘ನಿಮ್ಮ ಕತೆಯನ್ನು ಹೇಳಬಹುದೇ’ ಎಂದು ಕೇಳಿದರೆ, ಇಲ್ಲವೆನ್ನಲು ಎಷ್ಟು ಮಂದಿಗೆ ಧೈರ್ಯವಿದ್ದೀತು? ಉಪಕಾರದ ಭಾರ ಹೊತ್ತ ನಾಲಿಗೆ ಬೇಡವೆನ್ನಲಾರದು. ಅಲ್ಲಿ ಬಿದ್ದ ಸಹಿ ಕಾಗದದ ಮಟ್ಟಿಗೆ ಒಪ್ಪಿಗೆ, ಮನಸ್ಸಾಕ್ಷಿಯ ಮಟ್ಟಿಗಲ್ಲ.

ಒಂದು ಚಿತ್ರದ ಜೀವಾವಧಿ

ಮೂರನೆಯ ಷರತ್ತು ಎಷ್ಟು ಮುಖ್ಯವೆಂಬುದನ್ನು ವಿಯೆಟ್ನಾಮಿನ ಫಾನ್ ಥಿ ಕಿಮ್ ಫುಕ್ ಅವರ ಜೀವನ ತೋರಿಸುತ್ತದೆ. 1972ರ ಜೂನ್ 8ರಂದು ಟ್ರಾಂಗ್ ಬಾಂಗ್ ಎಂಬಲ್ಲಿ ನಾಪಾಮ್ ಬಾಂಬಿನ ಬೆಂಕಿಗೆ ಸಿಕ್ಕಿ, ಉರಿಯುವ ಬಟ್ಟೆಯನ್ನು ಕಳಚಿ ರಸ್ತೆಯಲ್ಲಿ ಬತ್ತಲೆ ಓಡಿಬಂದ ಒಂಬತ್ತು ವರ್ಷದ ಬಾಲಕಿ ಆಕೆ. ಆ ಛಾಯಾಚಿತ್ರಕ್ಕೆ ಮರುವರ್ಷ ಪುಲಿಟ್ಸರ್ ಪ್ರಶಸ್ತಿ ಬಂತು. ಯುದ್ಧವನ್ನು ವಿರೋಧಿಸುವವರ ಕೈಗೆ ಅದೊಂದು ಧ್ವಜವಾಯಿತು. ಯುದ್ಧ ಮುಗಿದು, ವೈದ್ಯೆಯಾಗಬೇಕೆಂದು ಆಕೆ ಓದುತ್ತಿದ್ದಾಗ ಅಲ್ಲಿನ ಸರಕಾರ ಆಕೆಯನ್ನು ಪತ್ತೆಹಚ್ಚಿತು. ವಿದೇಶೀ ಪತ್ರಕರ್ತರ ಮುಂದೆ ಯುದ್ಧದ ಜೀವಂತ ಪ್ರತೀಕವಾಗಿ ನಿಲ್ಲಿಸಿ, ಹೇಳಬೇಕಾದ್ದನ್ನು ಹೇಳಿಸಿತು. ಆಕೆಯ ಓದು ನಿಂತುಹೋಯಿತು. ತಾನು ಎರಡನೆಯ ಬಾರಿ ಬಲಿಯಾದೆನೆಂಬ ಭಾವನೆಯನ್ನು ಆಕೆ ಮುಂದೆ ಅನೇಕ ಸಲ ತೋಡಿಕೊಂಡಿದ್ದಾರೆ. ಮೊದಲನೆಯದು ಬಾಂಬಿನಿಂದ, ಎರಡನೆಯದು ಪ್ರಚಾರದಿಂದ.

1992ರಲ್ಲಿ ಆಕೆ ಪತಿಯೊಂದಿಗೆ ಕೆನಡಾದಲ್ಲಿ ಆಶ್ರಯ ಪಡೆದರು. ಅಲ್ಲಿಯೂ ಆ ಚಿತ್ರ ಬೆನ್ನು ಬಿಡಲಿಲ್ಲ. ಕೊನೆಗೆ ಆಕೆ ಅದನ್ನು ತನ್ನ ಕೈಗೆ ತೆಗೆದುಕೊಂಡರು. ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ 1997ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಅದೇ ಚಿತ್ರವನ್ನು ತೋರಿಸಿ, ಕ್ಷಮೆಯ ಬಗ್ಗೆಯೂ ಶಾಂತಿಯ ಬಗ್ಗೆಯೂ ಮಾತನಾಡತೊಡಗಿದರು. ಚಿತ್ರ ಅದೇ, ಮೈಮೇಲಿನ ಸುಟ್ಟ ಗಾಯದ ಕಲೆಗಳೂ ಅವೇ. ಬದಲಾದದ್ದು ಇಷ್ಟೇ: ಎಲ್ಲಿ ಮಾತನಾಡಬೇಕು, ಏನನ್ನು ಹೇಳಬೇಕು, ಯಾವಾಗ ಮೌನವಾಗಿರಬೇಕು ಎಂಬುದನ್ನು ಈಗ ಆಕೆಯೇ ನಿರ್ಧರಿಸುತ್ತಾರೆ. ಅದೇ ಕತೆ ಒಬ್ಬರ ಕೈಯಲ್ಲಿ ಸೆರೆಮನೆಯೂ ಮತ್ತೊಬ್ಬರ ಕೈಯಲ್ಲಿ ಬಿಡುಗಡೆಯೂ ಆಗಬಲ್ಲುದು.

ನಮ್ಮ ದೇಶದಲ್ಲಿ ಸುಜೆಟ್ ಜೋರ್ಡನ್ ಈ ಮಾತಿಗೆ ಸಾಕ್ಷಿ. 2012ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ಈಕೆಯ ದೂರನ್ನು ರಾಜ್ಯದ ಆಡಳಿತವೇ ಕಟ್ಟುಕತೆಯೆಂದು ತಳ್ಳಿಹಾಕಿತ್ತು. ಪತ್ರಿಕೆಗಳಿಗೆ ಆಕೆ ‘ಪಾರ್ಕ್ ಸ್ಟ್ರೀಟ್ ಸಂತ್ರಸ್ತೆ’. 2013ರ ಜೂನಿನಲ್ಲಿ ಆಕೆ ಸ್ವತಃ ಮುಖ ತೋರಿಸಿ, ತನ್ನ ಹೆಸರನ್ನು ಹೇಳಿ, ನಾಚಬೇಕಾದವಳು ತಾನಲ್ಲವೆಂದು ಸಾರಿದರು. 2015ರ ಮಾರ್ಚಿನಲ್ಲಿ ಆಕೆ ತೀರಿಕೊಂಡರು. ಮೂವರು ಆರೋಪಿಗಳಿಗೆ ಶಿಕ್ಷೆಯಾದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಆಕೆಯ ಹೆಸರನ್ನು ಇಲ್ಲಿ ಬರೆಯಲು ಸಾಧ್ಯವಾಗುವುದು ಆಕೆಯೇ ಅದನ್ನು ನಮಗೆ ಕೊಟ್ಟ ಕಾರಣ. ಬೇರೆ ಯಾರಾದರೂ ಆ ಹೆಸರನ್ನು ಮೊದಲೇ ಬಯಲು ಮಾಡಿದ್ದರೆ ಅದು ಇನ್ನೊಂದು ಅಪರಾಧವಾಗುತ್ತಿತ್ತು.

ಕಾನೂನು ಏನು ಹೇಳುತ್ತದೆ?

ಈ ಭೇದವನ್ನು ನಮ್ಮ ಕಾನೂನು ಗುರುತಿಸಿದೆ. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದು 1983ರಿಂದಲೇ ದಂಡನೀಯ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮು ಅದನ್ನೇ ಮುಂದುವರಿಸಿದೆ. ವಯಸ್ಕಳಾದ ಸಂತ್ರಸ್ತೆ ತಾನೇ ಲಿಖಿತವಾಗಿ ಒಪ್ಪಿದರೆ ಮಾತ್ರ ಅದಕ್ಕೆ ವಿನಾಯಿತಿ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯಿದೆಯ ಪ್ರಕಾರ ವಿಶೇಷ ನ್ಯಾಯಾಲಯದ ಅನುಮತಿಯೇ ಬೇಕು. 2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೆಸರನ್ನು ಮಾತ್ರವಲ್ಲ, ಗುರುತು ಹಿಡಿಯಲು ದೂರದಿಂದಲಾದರೂ ಸಹಾಯವಾಗುವ ಯಾವ ವಿವರವನ್ನೂ ಪ್ರಕಟಿಸಬಾರದೆಂದು ಸ್ಪಷ್ಟಪಡಿಸಿತು. ಸತ್ತವರಿಗೂ ಮಾನವಿದೆ; ಬಂಧುಗಳು ಒಪ್ಪಿದರೆಂದ ಮಾತ್ರಕ್ಕೆ ಮೃತಳ ಹೆಸರನ್ನು ಆಂದೋಲನದ ಲಾಂಛನವಾಗಿ ಬಳಸುವಂತಿಲ್ಲ ಎಂದಿತು. ಅದೇ ವರ್ಷದ ಏಪ್ರಿಲಿನಲ್ಲಿ ಕಠುವಾದ ಬಾಲಕಿಯ ಹೆಸರನ್ನೂ ಚಿತ್ರವನ್ನೂ ಪ್ರಕಟಿಸಿದ ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಉಚ್ಚ ನ್ಯಾಯಾಲಯ ತಲಾ 10 ಲಕ್ಷ ರೂಪಾಯಿ ತೆರುವಂತೆ ಆದೇಶಿಸಿತ್ತು. ಆ ಮಗುವಿಗೆ ನ್ಯಾಯ ಕೇಳುತ್ತಿದ್ದವರೇ, ಒಳ್ಳೆಯ ಮನಸ್ಸಿನಿಂದಲೇ, ಆ ಚಿತ್ರವನ್ನು ಊರೂರಿಗೆ ಹಂಚಿದ್ದರೆಂಬುದನ್ನು ಮರೆಯಬಾರದು.

ಮುಖವನ್ನು ಮಸುಕುಗೊಳಿಸಿ, ಆದರೆ ಗ್ರಾಮದ ಹೆಸರು, ಶಾಲೆಯ ಹೆಸರು, ತಂದೆಯ ಉದ್ಯೋಗ, ಮನೆಯ ಅಂಗಳ ಇವೆಲ್ಲವನ್ನೂ ತೋರಿಸಿದರೆ ಮಸುಕಿನಿಂದ ಪ್ರಯೋಜನವೇನು? ಸಣ್ಣ ಊರಿನಲ್ಲಿ ಇಷ್ಟು ಸಾಕು. ಪರವೂರಿನವರಿಗೆ ಆಕೆ ಅನಾಮಧೇಯಳು. ಆಕೆ ಬದುಕಬೇಕಾದ ಊರಿನವರಿಗೆ ಮಾತ್ರ ಎಲ್ಲವೂ ತಿಳಿದಿರುತ್ತದೆ.

ನಮ್ಮ ರಾಜ್ಯವೂ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿಯಬೇಕಾಯಿತು. 2024ರ ಏಪ್ರಿಲಿನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಹಾಸನ ಜಿಲ್ಲೆಯಲ್ಲಿ ಮಹಿಳೆಯರ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳು ಪೆನ್‌ಡ್ರೈವ್‌ಗಳಲ್ಲಿ ಹಂಚಲ್ಪಟ್ಟವು. ಹಂಚಿದವರು ಸತ್ಯವನ್ನು ಬಯಲಿಗೆಳೆಯುತ್ತಿದ್ದೇವೆಂದು ಹೇಳಿಕೊಂಡಿರಬಹುದು. ಆದರೆ ಬಯಲಿಗೆ ಬಿದ್ದದ್ದು ನೊಂದ ಹೆಣ್ಣುಮಕ್ಕಳ ಮುಖ. ದೃಶ್ಯಗಳನ್ನು ಇಟ್ಟುಕೊಳ್ಳುವುದೂ ಕಳುಹಿಸುವುದೂ ಅಪರಾಧವೆಂದು ವಿಶೇಷ ತನಿಖಾ ದಳ ಸಾರ್ವಜನಿಕರಿಗೆ ಎಚ್ಚರಿಕೆ ಕೊಡಬೇಕಾಗಿ ಬಂತು. ಆರೋಪಿಗೆ ಒಂದು ಪ್ರಕರಣದಲ್ಲಿ 2025ರ ಆಗಸ್ಟಿನಲ್ಲಿ ಜೀವಾವಧಿ ಶಿಕ್ಷೆ ವಿಧಿಸಲಾಯಿತು. ಆ ಶಿಕ್ಷೆಗೆ ಆಧಾರವಾದದ್ದು ನ್ಯಾಯಾಲಯದ ಮುಂದೆ ಬಂದ ದೂರು, ಸಾಕ್ಷ್ಯ ಮತ್ತು ತನಿಖೆ. ಮೊಬೈಲಿನಿಂದ ಮೊಬೈಲಿಗೆ ಹಾರಿದ ಪ್ರತಿಗಳಿಂದ ನೊಂದವರಿಗೆ ಯಾವ ನ್ಯಾಯವೂ ದೊರೆಯಲಿಲ್ಲ.

ಕಣ್ಣೀರಿಗೆ ಬಣ್ಣ ಬಳಿದಾಗ

ಕತೆಯ ಬಳಕೆಯಲ್ಲಿ ಮತ್ತೊಂದು ಅಪಾಯವಿದೆ. ಇದ್ದುದಕ್ಕಿಂತ ಹೆಚ್ಚು ಹೇಳುವ ಆಸೆ ಅದು. ದಾನಿಗಳ ಮನ ಕರಗಿಸಬೇಕಾದರೆ ಸಾಧಾರಣ ಕಷ್ಟ ಸಾಲದು, ಅಸಾಧಾರಣ ಕಷ್ಟವೇ ಬೇಕೆಂಬ ಭಾವನೆ ಬೆಳೆದಾಗ ಕತೆಗೆ ಬಣ್ಣ ಸೇರುತ್ತದೆ. ಕಾಂಬೋಡಿಯಾದಲ್ಲಿ ವೇಶ್ಯಾವಾಟಿಕೆಗಳಿಂದ ಹೆಣ್ಣುಮಕ್ಕಳನ್ನು ಬಿಡಿಸುವ ಕೆಲಸದಿಂದ ಜಗದ್ವಿಖ್ಯಾತರಾಗಿದ್ದ ಸೊಮಾಲಿ ಮಾಮ್ ಅವರ ಪ್ರಕರಣ ಇದಕ್ಕೆ ನಿದರ್ಶನ. ಆಕೆಯ ಆತ್ಮಕಥನದಲ್ಲಿಯೂ, ಆಕೆ ಮುಂದಿಟ್ಟ ಕೆಲವು ಹುಡುಗಿಯರ ಕತೆಗಳಲ್ಲಿಯೂ ಸುಳ್ಳು ಸೇರಿದೆಯೆಂದು 2014ರ ಮೇ ತಿಂಗಳಲ್ಲಿ ಅಮೆರಿಕದ ‘ನ್ಯೂಸ್‌ವೀಕ್’ ಪತ್ರಿಕೆ ವರದಿ ಮಾಡಿತು. ತನ್ನನ್ನು ದೂರದರ್ಶನದ ಮುಂದೆ ಕೂರಿಸುವ ಮೊದಲು ಹೇಳಬೇಕಾದ ಕತೆಯನ್ನು ಕಲಿಸಲಾಗಿತ್ತೆಂದು ಒಬ್ಬ ಹೆಣ್ಣುಮಗಳು ತಿಳಿಸಿದ್ದಳು. ಅದೇ ತಿಂಗಳು ಸೊಮಾಲಿ ಮಾಮ್ ತನ್ನದೇ ಹೆಸರಿನ ಪ್ರತಿಷ್ಠಾನಕ್ಕೆ ರಾಜೀನಾಮೆ ಕೊಟ್ಟರು; ಪ್ರತಿಷ್ಠಾನವೂ ಆ ವರ್ಷವೇ ಬಾಗಿಲು ಮುಚ್ಚಿತು. ಆಕೆ ಆಪಾದನೆಗಳನ್ನು ನಿರಾಕರಿಸಿದ್ದಾರೆ. ಅದೇನೇ ಇರಲಿ, ಇದರಿಂದ ಹೆಚ್ಚು ನಷ್ಟವಾದದ್ದು ನಿಜವಾಗಿಯೂ ಮಾರಾಟಕ್ಕೊಳಗಾದ ಹೆಣ್ಣುಮಕ್ಕಳಿಗೆ. ಒಂದು ಸುಳ್ಳು ಹತ್ತು ಸತ್ಯಗಳ ಮೇಲೆ ಸಂಶಯದ ನೆರಳನ್ನು ಎಳೆಯುತ್ತದೆ.

ಎಂಡೋಸಲ್ಫಾನ್ ಹೋರಾಟದಲ್ಲಿಯೂ ಈ ಎಚ್ಚರ ಬೇಕಾಗಿತ್ತು. ಇಂಥ ಮಗುವಿನ ಇಂಥ ಕಾಯಿಲೆಗೆ ಈ ವಿಷವೇ ಕಾರಣವೆಂದು ತೋರಿಸಿ ಎಂದು ಕೀಟನಾಶಕದ ಪರವಾಗಿ ವಾದಿಸಿದವರು ಪಟ್ಟು ಹಿಡಿದರು. ಒಬ್ಬ ವ್ಯಕ್ತಿಯ ವಿಷಯದಲ್ಲಿ ಹಾಗೆ ಸಿದ್ಧಪಡಿಸುವುದು ವೈದ್ಯಶಾಸ್ತ್ರಕ್ಕೆ ಬಹಳ ಕಷ್ಟ. ಒಂದು ಊರಿನ ಒಟ್ಟು ಆರೋಗ್ಯವನ್ನು ಮತ್ತೊಂದು ಊರಿನೊಂದಿಗೆ ಹೋಲಿಸಿ ನೋಡಿದಾಗ ಮಾತ್ರ ನಿಜಾಂಶ ಹೊಳೆಯುತ್ತದೆ. ಹೋರಾಟದ ಸಮಸ್ತ ಭಾರವನ್ನೂ ಒಂದೇ ಮುಖದ ಮೇಲೆ ಹೇರಿದರೆ, ಎದುರಾಳಿಗೆ ಆ ಒಂದು ಮುಖದ ಬಗ್ಗೆ ಸಂಶಯ ಹುಟ್ಟಿಸಿದರೆ ಸಾಕು. ಕತೆ ಬಾಗಿಲನ್ನು ತೆರೆಯಲಿ. ಒಳಗೆ ಹೋಗಿ ಕುಳಿತುಕೊಳ್ಳಬೇಕಾದ್ದು ಪುರಾವೆ. ಆಗ ನೊಂದವನ ಮೇಲೂ ಅಷ್ಟು ಭಾರ ಬೀಳದು.

ನಾವು ಮಾಡಬೇಕಾದ್ದೇನು?

ಈ ಆತ್ಮಪರಿಶೀಲನೆ ಜಗತ್ತಿಗೆ ಹೊಸದಲ್ಲ. 1984ರಲ್ಲಿ ಇಥಿಯೋಪಿಯಾದ ಕ್ಷಾಮದ ದೃಶ್ಯಗಳು ದೂರದರ್ಶನದ ಮೂಲಕ ಐರೋಪ್ಯ ಮನೆಗಳನ್ನು ಹೊಕ್ಕಾಗ ಅಪಾರ ಹಣ ಹರಿದುಬಂತು. ಜತೆಗೆ, ಆಫ್ರಿಕವೆಂದರೆ ಎಲುಬಿನ ಗೂಡಾದ, ನೊಣ ಮುತ್ತಿದ, ಹೆಸರಿಲ್ಲದ ಮಕ್ಕಳು ಎಂಬ ಚಿತ್ರವೂ ಜನಮನದಲ್ಲಿ ಅಚ್ಚೊತ್ತಿತು. ಇದನ್ನು ಕಂಡು ಯುರೋಪಿನ ಸ್ವಯಂಸೇವಾ ಸಂಸ್ಥೆಗಳು 1989ರಲ್ಲಿ ಬಡ ರಾಷ್ಟ್ರಗಳ ಜನರ ಚಿತ್ರಗಳನ್ನೂ ಸಂದೇಶಗಳನ್ನೂ ಬಳಸುವ ಬಗ್ಗೆ ತಮಗೆ ತಾವೇ ಒಂದು ನೀತಿಸಂಹಿತೆಯನ್ನು ವಿಧಿಸಿಕೊಂಡವು. 2006ರಲ್ಲಿ ಅದನ್ನು ಪರಿಷ್ಕರಿಸಿದವು. ಅವರ ಕಣ್ಣಿಗೆ ಬಡ ರಾಷ್ಟ್ರದವರಾದ ನಾವು, ನಮ್ಮೊಳಗಿನ ಬಡವರ ವಿಷಯದಲ್ಲಿ ಅಷ್ಟು ಎಚ್ಚರವನ್ನು ವಹಿಸಿದ್ದೇವೆಯೇ?

ನಮ್ಮ ಸಮುದಾಯದ ಮಟ್ಟಿಗೆ ಈ ಪ್ರಶ್ನೆ ದೂರದ್ದಲ್ಲ. ನಮ್ಮಲ್ಲಿ ಅನಾಥಾಲಯಗಳಿವೆ, ಆಸ್ಪತ್ರೆಗಳಿವೆ, ವ್ಯಸನಮುಕ್ತಿ ಕೇಂದ್ರಗಳಿವೆ, ಪ್ರತಿಯೊಂದು ಧರ್ಮಕೇಂದ್ರದಲ್ಲಿ ಬಡವರ ನಿಧಿ ಇದೆ. ಇವುಗಳ ವಾರ್ಷಿಕ ವರದಿಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ಮನೆ ಕಟ್ಟಿಕೊಟ್ಟ ಸಮಾರಂಭದ ಚಿತ್ರಗಳಲ್ಲಿ ಫಲಾನುಭವಿಗಳು ಸಾಲಾಗಿ ನಿಂತಿರುತ್ತಾರೆ. ಅವರ ಮಕ್ಕಳು ನಮ್ಮ ಮಕ್ಕಳೊಂದಿಗೆ ಒಂದೇ ತರಗತಿಯಲ್ಲಿ ಓದುವವರು. ಆ ಸಂಚಿಕೆ ಶಾಲೆಯ ಗ್ರಂಥಾಲಯಕ್ಕೂ ಹೋಗುತ್ತದೆ. ದಾನಿಗೆ ತೃಪ್ತಿಯಾಗಲೆಂದು ತೆಗೆದ ಚಿತ್ರ ಮಗುವಿಗೆ ಆಟದ ಬಯಲಿನಲ್ಲಿ ಅಡ್ಡಹೆಸರಾಗಬಾರದು. ದಾನ ಕೊಡುವ ಕುಟುಂಬಗಳಿಗೂ ಇಲ್ಲಿ ಹೊಣೆಯಿದೆ. ನಾವು ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ನ್ಯಾಯ. ಮುಖ ಕೇಳುವುದು ನ್ಯಾಯವಲ್ಲ.

ಆದುದರಿಂದ ಯಾವುದೇ ಸಂಘಟನೆ ನೊಂದವರ ಕತೆಯನ್ನು ಸಾರ್ವಜನಿಕರ ಮುಂದಿಡುವ ಮೊದಲು ಕೆಲವು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಲಿ. ಒಪ್ಪಿಗೆ ಕೇಳಿದವರು ನೆರವು ಕೊಡುವವರೇ ಆಗಿದ್ದರೆ, ‘ಬೇಡ’ವೆಂದರೂ ನೆರವು ನಿಲ್ಲದೆಂಬ ಭರವಸೆಯನ್ನು ಸ್ಪಷ್ಟವಾಗಿ ಕೊಟ್ಟಿದ್ದಾರೆಯೇ? ಕತೆ ಅಚ್ಚಾಗುವ ಮೊದಲು ಅದನ್ನು ಆ ವ್ಯಕ್ತಿಗೇ ಓದಿ ಹೇಳಲಾಗಿದೆಯೇ? ಹೆಸರು, ಮುಖ, ಊರು ಇಲ್ಲದೆಯೂ ಅದೇ ಮಾತನ್ನು ಹೇಳಲು ಸಾಧ್ಯವಿಲ್ಲವೇ? ವೇದಿಕೆಯ ಮೇಲೆ ಹಳೆಯ ಗಾಯ ಬಿರಿದರೆ, ಅಂದು ರಾತ್ರಿ ಆತನೊಂದಿಗೆ ಕುಳಿತುಕೊಳ್ಳುವವರು ಯಾರು? ಐದು ವರ್ಷಗಳ ಬಳಿಕ ಆತ ಬಂದು ‘ಆ ಚಿತ್ರವನ್ನು ತೆಗೆದುಬಿಡಿ’ ಎಂದರೆ ತೆಗೆಯುವ ವ್ಯವಸ್ಥೆ ಇದೆಯೇ? ಆತನ ಪಾತ್ರ ಕಣ್ಣೀರು ಹಾಕುವುದಕ್ಕಷ್ಟೇ ಸೀಮಿತವೇ, ಅಥವಾ ಆಂದೋಲನ ಯಾವ ದಾರಿ ಹಿಡಿಯಬೇಕೆಂದು ನಿರ್ಧರಿಸುವ ಸಮಿತಿಯಲ್ಲಿಯೂ ಆತನಿಗೆ ಕುರ್ಚಿ ಇದೆಯೇ? ಕೊನೆಯದಾಗಿ, ಕತೆಯಿಂದ ಬಂದ ಗೆಲುವಿನಲ್ಲಿ ಆತನ ಪಾಲೆಷ್ಟು?

ಮನೆಗಳಲ್ಲಿ ಅನುಸರಿಸಬೇಕಾದ ನಿಯಮ ಇನ್ನೂ ಸರಳ. ಅಪಘಾತದ, ಹಲ್ಲೆಯ, ಅವಮಾನದ ದೃಶ್ಯವೊಂದು ಮೊಬೈಲಿಗೆ ಬಂದಾಗ, ‘ಎಲ್ಲರಿಗೂ ತಿಳಿಯಲಿ’ ಎಂದು ಮುಂದಕ್ಕೆ ಕಳುಹಿಸುವ ಮೊದಲು, ಅಲ್ಲಿರುವುದು ನಮ್ಮ ಮಗಳೋ ತಮ್ಮನೋ ಆಗಿದ್ದರೆ ಹೀಗೆ ಮಾಡುತ್ತಿದ್ದೆವೇ ಎಂದು ಕ್ಷಣಕಾಲ ಯೋಚಿಸೋಣ. ದೂರು ಕೊಡಬೇಕಾದರೆ ಅದಕ್ಕೆ ಪೊಲೀಸ್ ಠಾಣೆಯಿದೆ, ಮಕ್ಕಳ ವಿಷಯವಾದರೆ 1098 ಸಹಾಯವಾಣಿಯಿದೆ. ಹಿರಿಯರು ಹೀಗೆ ಮಾಡುವುದನ್ನು ಕಂಡರೆ ಮಕ್ಕಳಿಗೆ ಬೇರೆ ಉಪದೇಶದ ಅಗತ್ಯವಿರಲಾರದು.

ಸುವಾರ್ತೆಯ ದಯಾಳುವಾದ ಸಮಾರಿಯನ ದೃಷ್ಟಾಂತದಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಅಂಶವಿದೆ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿಗೆ ಹೆಸರಿಲ್ಲ. ಆತ ಕತೆಯುದ್ದಕ್ಕೂ ಒಂದು ಮಾತನ್ನೂ ಆಡುವುದಿಲ್ಲ. ಸಮಾರಿಯದವನು ಆತನನ್ನು ಏನನ್ನೂ ಹೇಳುವಂತೆ ಒತ್ತಾಯಿಸುವುದಿಲ್ಲ. ಗಾಯ ಕಟ್ಟುತ್ತಾನೆ, ಛತ್ರಕ್ಕೆ ಸೇರಿಸುತ್ತಾನೆ, ಖರ್ಚು ಕೊಡುತ್ತಾನೆ. ಹೆಚ್ಚಿಗೆ ಬಿದ್ದರೆ ಮರಳಿ ಬರುವಾಗ ತೀರಿಸುವೆನೆಂದು ಮಾತು ಕೊಟ್ಟು ಹೋಗುತ್ತಾನೆ. ಕತೆ ಕೇಳಿದ ಮೇಲೆ ಉಪಕಾರ ಎಂಬ ಕ್ರಮ ಅಲ್ಲಿಲ್ಲ.

ಪಡ್ರೆಯಲ್ಲಿ, ಕೊಕ್ಕಡದಲ್ಲಿ ಇಂದಿಗೂ ಮಕ್ಕಳನ್ನು ಎತ್ತಿ ಸ್ನಾನ ಮಾಡಿಸುತ್ತಿರುವ ತಾಯಂದಿರಿದ್ದಾರೆ. ಆ ಮಕ್ಕಳು ಈಗ ಮಕ್ಕಳಲ್ಲ. ಇಪ್ಪತ್ತೈದು, ಮೂವತ್ತು ದಾಟಿದವರು. ತಾಯಂದಿರಿಗೂ ವಯಸ್ಸಾಗಿದೆ. ತಮ್ಮ ಅನಂತರ ಇವರನ್ನು ನೋಡಿಕೊಳ್ಳುವವರು ಯಾರೆಂಬ ಚಿಂತೆ ಅವರದು. ಕೊಕ್ಕಡ, ಕೊಯಿಲಗಳಲ್ಲಿ ತೆರೆದ ಹಗಲು ಪಾಲನಾ ಕೇಂದ್ರಗಳಂಥ ವ್ಯವಸ್ಥೆ ಅವರಿಗೆ ಬೇಕು, ಶಾಶ್ವತ ವಸತಿ ಬೇಕು, ತಿಂಗಳು ತಪ್ಪದ ಔಷಧಿ ಬೇಕು. ಈ ಬೇಡಿಕೆಗಳನ್ನು ಬರೆಯಲು ಯಾರ ಛಾಯಾಚಿತ್ರವೂ ಬೇಕಾಗುವುದಿಲ್ಲ. ಅವರ ಕತೆಯನ್ನು ನಾವು ಸಾಕಷ್ಟು ಕೇಳಿಯಾಗಿದೆ. ಉಳಿದಿರುವುದು ಋಣ ತೀರಿಸುವ ಕೆಲಸ.